ಮೈನಸ್ 48 ವೋಲ್ಟ್: ಬ್ಯಾಟರಿ ಆಸರೆಯ ಡಿ.ಸಿ. ವ್ಯವಸ್ಥೆಯಲ್ಲಿ ಪದ ಮತ್ತು ಷರತ್ತು

ಟೆಲಿಫೋನ್ ಎಕ್ಸ್‌ಚೇಂಜು, ಮೊಬೈಲ್ ಟವರು, ವಿದ್ಯುತ್ ಉಪಕೇಂದ್ರ, ರೈಲ್ವೆಯ ಸಿಗ್ನಲ್ ಕೊಠಡಿ, ಇಲ್ಲೆಲ್ಲ ಹೊರಗಿನ ಕರೆಂಟು ಹೋದರೂ ಒಳಗಿನ ಕೆಲಸ ನಿಲ್ಲುವಂತಿಲ್ಲ. ಅದಕ್ಕಾಗಿಯೇ ಅಲ್ಲಿನ ಮುಖ್ಯ ಉಪಕರಣಗಳಿಗೆ ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ಮತ್ತು ಬ್ಯಾಟರಿ ಒಟ್ಟಿಗೆ ಸೇರಿಕೊಂಡ ಡಿ.ಸಿ. ವ್ಯವಸ್ಥೆಯಿಂದ ವಿದ್ಯುತ್ ಕೊಡುತ್ತಾರೆ. ಈ ವ್ಯವಸ್ಥೆಗೆ ನೂರು ವರ್ಷಕ್ಕೂ ಮಿಕ್ಕಿದ ಪರಿಭಾಷೆಯಿದೆ. ಕನ್ನಡದಲ್ಲಿ ಅದು ಕೆಲಸಗಾರರ ಬಾಯಲ್ಲಿ ದಿನವೂ ಓಡಾಡುತ್ತದೆ; ಪುಸ್ತಕದಲ್ಲಿ ಸಿಗುವುದು ಅಪರೂಪ. ಸಿಕ್ಕಲ್ಲೂ ಚರ್ಚೆಯೆಲ್ಲ ಸಂಸ್ಕೃತದ ಪದವೋ ಇಂಗ್ಲಿಷಿನ ಪದವೋ ಎಂಬಲ್ಲಿಗೆ ಮುಗಿದುಹೋಗುತ್ತದೆ.

ಈ ಲೇಖನದ ವಾದ ಬೇರೆ. ಈ ಕ್ಷೇತ್ರದ ಮುಖ್ಯ ಪದಗಳೆಲ್ಲ ಒಂದೊಂದು ಅಳತೆಯ ಷರತ್ತನ್ನು ಹೊತ್ತಿವೆ: ಇಷ್ಟು ಉಷ್ಣತೆಯಲ್ಲಿ, ಇಷ್ಟು ಆಂಪಿಯರ್ ಎಳೆದಾಗ, ಇಷ್ಟು ವೋಲ್ಟಿಗೆ ಇಳಿಯುವವರೆಗೆ. ಪದವನ್ನು ಕನ್ನಡಕ್ಕೆ ತರುವಾಗ ಷರತ್ತು ಉದುರಿಹೋದರೆ ಉಳಿಯುವುದು ತಪ್ಪು ತಿಳಿವಳಿಕೆ. ಷರತ್ತು ಉಳಿದರೆ ಪದ ಎಲ್ಲಿಂದ ಬಂದರೂ ಕೆಲಸ ನಡೆಯುತ್ತದೆ.

ಬಾಯಲ್ಲಿರುವ ಪದಗಳು

ಹಳ್ಳಿಯಲ್ಲಿ ರಾತ್ರಿ ಹೊತ್ತು ‘ಬ್ಯಾಟರಿ ತಗೊಂಡು ಬಾ’ ಎಂದರೆ ತರಬೇಕಾದದ್ದು ಟಾರ್ಚು. ಅದರೊಳಗೆ ಹಾಕುವುದು ‘ಶೆಲ್ಲು’. ಹೆಸರು ಅತ್ತಿತ್ತ ಜರುಗಿದ್ದರೂ ಒಂದು ಭೇದ ಹಾಗೇ ಉಳಿದಿದೆ: ಒಂಟಿ ಘಟಕ ಬೇರೆ, ಅವನ್ನು ಜೋಡಿಸಿಕೊಂಡ ಒಟ್ಟು ಸಾಧನ ಬೇರೆ. ಡಿ.ಸಿ. ವ್ಯವಸ್ಥೆಗೆ ಈ ಭೇದವೇ ಜೀವಾಳ. ಎಕ್ಸ್‌ಚೇಂಜಿನಲ್ಲಿ ಎರಡು ವೋಲ್ಟಿನ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಬ್ಯಾಟರಿ. ಅಳತೆ, ಪರೀಕ್ಷೆ, ರೋಗನಿರ್ಣಯ ಎಲ್ಲವೂ ಸೆಲ್ಲಿನ ಮಟ್ಟದಲ್ಲಿಯೇ ನಡೆಯಬೇಕು. ಶಾಲಾ ಪುಸ್ತಕದ ‘ವಿದ್ಯುತ್ಕೋಶ’ ತಪ್ಪೇನಲ್ಲ. ಆದರೆ ಬ್ಯಾಟರಿ ಕೊಠಡಿಯಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ.

ಇನ್ನೊಂದು ಪದ ‘ಪವರ್ ಪ್ಲಾಂಟ್’. ಸಾಮಾನ್ಯ ಓದುಗನಿಗೆ ಇದು ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ದೊಡ್ಡ ಸ್ಥಾವರ. ಭಾರತದ ದೂರಸಂಪರ್ಕ ಇಲಾಖೆಯ ಬಳಕೆಯಲ್ಲಿ ಅದು ಬೀರುವಿನ ಗಾತ್ರದ ಒಂದು ಪೆಟ್ಟಿಗೆ: ಎ.ಸಿ.ಯನ್ನು ಡಿ.ಸಿ. ಮಾಡುವ ಎಸ್‌ಎಂಪಿಎಸ್ ಮಾಡ್ಯೂಲುಗಳು, ಅವುಗಳ ನಿಯಂತ್ರಣ, ಹಂಚಿಕೆಯ ಫ್ಯೂಸುಗಳು. ಇದನ್ನು ‘ವಿದ್ಯುತ್ ಸ್ಥಾವರ’ ಎಂದು ಅನುವಾದಿಸಿದರೆ ವಾಕ್ಯವೇ ದಾರಿ ತಪ್ಪುತ್ತದೆ. ‘ಪವರ್ ಪ್ಲಾಂಟ್’ ಎಂದೇ ಇಟ್ಟು, ಮೊದಲ ಬಳಕೆಯಲ್ಲಿ ಒಂದು ವಾಕ್ಯದ ವಿವರಣೆ ಕೊಡುವುದು ಲೇಸು.

ಜನರ ಮಾತು ಪಠ್ಯಪುಸ್ತಕಕ್ಕಿಂತ ಖಚಿತವಾಗಿರುವುದೂ ಉಂಟು. ವಾಲ್ವ್ ಇರುವ, ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲೋ ಜೆಲ್ಲಿನಲ್ಲೋ ಹಿಡಿದಿಟ್ಟ ವಿಆರ್‌ಎಲ್‌ಎ ಬ್ಯಾಟರಿಯನ್ನು ತಯಾರಕರು ‘ಮೇಂಟೆನೆನ್ಸ್ ಫ್ರೀ’ ಎಂದು ಮಾರಿದರು. ಅದನ್ನು ‘ನಿರ್ವಹಣೆ ರಹಿತ’ ಎಂದು ಕನ್ನಡಿಸಿದವರು ಉತ್ಪ್ರೇಕ್ಷೆಯನ್ನೂ ಕನ್ನಡಿಸಿದಂತಾಯಿತು. ಆ ಬ್ಯಾಟರಿಗೂ ಸೆಲ್ ವೋಲ್ಟೇಜು ನೋಡಬೇಕು, ನಟ್ಟು ಬೋಲ್ಟು ಬಿಗಿಯಾಗಿವೆಯೇ ಎಂದು ಪರೀಕ್ಷಿಸಬೇಕು, ಕೊಠಡಿಯ ಬಿಸಿ ಗಮನಿಸಬೇಕು. ಬೇಡವಾದದ್ದು ನೀರು ತುಂಬುವ ಕೆಲಸವೊಂದೇ. ಅಂಗಡಿಯಲ್ಲಿ ಗಿರಾಕಿ ‘ನೀರು ಹಾಕೋ ಬ್ಯಾಟರಿನಾ, ನೀರು ಬೇಡದ್ದಾ?’ ಎಂದು ಕೇಳುವಾಗ ಅವನ ಪದ ತಯಾರಕನ ಪದಕ್ಕಿಂತ ಪ್ರಾಮಾಣಿಕವಾಗಿದೆ. ಪರಿಭಾಷಾ ಕೋಶದಲ್ಲಿ ‘ನೀರು ಬೇಡದ ಬ್ಯಾಟರಿ’ ಎಂಬುದಕ್ಕೇ ಜಾಗ ಸಿಗಬೇಕೆಂದು ನನ್ನ ಅಭಿಪ್ರಾಯ.

ಮೈನಸ್ ಯಾಕೆ, 48 ಯಾಕೆ

ದೂರಸಂಪರ್ಕದ ಡಿ.ಸಿ.ಯಲ್ಲಿ ಪ್ಲಸ್ ತುದಿಯನ್ನು ನೆಲಕ್ಕೆ ಜೋಡಿಸುತ್ತಾರೆ, ಉಪಕರಣಕ್ಕೆ ಹೋಗುವ ತಂತಿ ಮೈನಸ್ ಆಗಿರುತ್ತದೆ. ಇದರ ಹಿಂದೆ ರಸಾಯನಶಾಸ್ತ್ರವಿದೆ. ನೆಲದಡಿಯ ತಾಮ್ರದ ಕೇಬಲ್ಲಿಗೆ ತೇವ ಸೇರಿ ಸೋರಿಕೆ ಆರಂಭವಾದಾಗ, ಪ್ಲಸ್ ಆಗಿರುವ ಲೋಹ ಕರಗುತ್ತಾ ಹೋಗುತ್ತದೆ. ನೆಲಕ್ಕೆ ಹೋಲಿಸಿದರೆ ತಂತಿ ಮೈನಸ್ ಆಗಿದ್ದಲ್ಲಿ ಅದು ಉಳಿದುಕೊಳ್ಳುತ್ತದೆ. ಕಾರಿನಲ್ಲಿ ಮೈನಸ್ ತುದಿ ಲೋಹದ ಮೈಗೆ ಸೇರಿರುವುದರಿಂದ, ವಾಹನದ ಕೆಲಸ ಕಲಿತು ಎಕ್ಸ್‌ಚೇಂಜಿಗೆ ಬಂದವರಿಗೆ ಮೊದಲು ತಿಳಿಸಬೇಕಾದ ವ್ಯತ್ಯಾಸ ಇದೇ.

ಭಾಷೆಯ ಒಂದು ತೊಡಕೂ ಇಲ್ಲಿಂದ ಹುಟ್ಟುತ್ತದೆ. ಗಣಿತದ ಪ್ರಕಾರ ಮೈನಸ್ 54 ಎಂಬುದು ಮೈನಸ್ 48ಕ್ಕಿಂತ ಕಡಿಮೆ. ಪವರ್ ಪ್ಲಾಂಟಿನ ಮುಂದೆ ನಿಂತವರು ಮಾತ್ರ 48ರಿಂದ 54ಕ್ಕೆ ಹೋದಾಗ ‘ವೋಲ್ಟೇಜು ಏರಿತು’ ಎನ್ನುತ್ತಾರೆ. ಅವರು ಚಿಹ್ನೆ ಬಿಟ್ಟು ಪರಿಮಾಣವನ್ನಷ್ಟೇ ಹೇಳುತ್ತಿದ್ದಾರೆ. ‘ಹೆಚ್ಚು’, ‘ಕಡಿಮೆ’, ‘ಏರು’, ‘ಇಳಿ’ ಎಂಬ ಮಾತುಗಳೆಲ್ಲ ಪರಿಮಾಣವನ್ನು ಕುರಿತವು ಎಂದು ಕನ್ನಡದ ಕೈಪಿಡಿ ಮೊದಲ ಪುಟದಲ್ಲೇ ಹೇಳಬೇಕು. ಆಮೇಲೆ ಚಿಹ್ನೆಯನ್ನು ಪ್ರತಿ ಸಾಲಿನಲ್ಲೂ ಹೊತ್ತು ತಿರುಗಬೇಕಾಗಿಲ್ಲ.

48 ಎಂಬ ಸಂಖ್ಯೆಯೂ ಹೆಸರಿಗೆ ಮಾತ್ರ. 24 ಸೆಲ್ಲು, ತಲಾ ಎರಡು ವೋಲ್ಟು, ಒಟ್ಟು 48. ಮೇಯಿನ್ಸ್ (ಹೊರಗಿನ ಎ.ಸಿ. ಕರೆಂಟು) ಇರುವಾಗ ‘ಬಸ್ಸು’, ಅಂದರೆ ಎಲ್ಲವೂ ಬಂದು ಸೇರುವ ಡಿ.ಸಿ. ವಾಹಕ, ನಿಂತಿರುವುದು 54 ವೋಲ್ಟಿನ ಆಸುಪಾಸಿನಲ್ಲಿ. ಮೇಯಿನ್ಸ್ ಹೋದಾಗ ಬ್ಯಾಟರಿ ಖಾಲಿಯಾಗುತ್ತಾ 42ರ ಕಡೆಗೆ ಇಳಿಯುತ್ತದೆ. ದಾರಿಯಲ್ಲಿ ಒಮ್ಮೆ 48ನ್ನು ಹಾದುಹೋಗುವುದಷ್ಟೆ. ‘48 ವೋಲ್ಟಿನ ವ್ಯವಸ್ಥೆ’ ಎಂದು ಓದಿ ಮೀಟರಿನಲ್ಲಿ 54 ಕಂಡವನು ದೋಷವಿದೆಯೆಂದು ತಿಳಿಯಬಾರದು.

ಫ್ಲೋಟ್, ಬೂಸ್ಟ್, ಟ್ರಿಕಲ್

ಇಡೀ ಪರಿಭಾಷೆಯ ನಡುಗಂಬ ‘ಫ್ಲೋಟ್’. ರೆಕ್ಟಿಫೈಯರ್, ಬ್ಯಾಟರಿ, ಲೋಡ್ ಮೂರೂ ಒಂದೇ ಬಸ್ಸಿಗೆ ಸಮಾಂತರವಾಗಿ ಕೂಡಿಕೊಂಡಿರುವ ಸ್ಥಿತಿ ಇದು. ಲೋಡನ್ನು ರೆಕ್ಟಿಫೈಯರ್ ಹೊರುತ್ತದೆ. ಬ್ಯಾಟರಿ ತನ್ನಷ್ಟಕ್ಕೆ ಕಳೆದುಕೊಳ್ಳುವ ಚೂರು ಚಾರ್ಜನ್ನು ತುಂಬುವಷ್ಟು ಕರೆಂಟು ಮಾತ್ರ ಅದರೊಳಗೆ ಹೋಗುತ್ತದೆ. ಮೇಯಿನ್ಸ್ ಹೋದ ಕ್ಷಣ ಏನನ್ನೂ ‘ಬದಲಿಸಬೇಕಾಗಿಲ್ಲ’. ನಡುವೆ ಆ ಹೊತ್ತಿನಲ್ಲಿ ಬದಲಾಗಬೇಕಾದ ಸ್ವಿಚ್ಚೇ ಇಲ್ಲದ ಕಾರಣ ಬ್ಯಾಟರಿ ತಾನಾಗಿ ಲೋಡನ್ನು ಹೊತ್ತುಕೊಳ್ಳುತ್ತದೆ. ಮನೆಯಲ್ಲಿ ನಾವು ‘ಯುಪಿಎಸ್’ ಎಂದು ಕರೆಯುವ ಇನ್ವರ್ಟರಿಗೂ ಇದಕ್ಕೂ ಇರುವ ಮೂಲ ಅಂತರ ಇದೇ. ಅಲ್ಲಿ ರಿಲೇ ‘ಟಕ್’ ಎಂದು ಬದಲಾಗುವಷ್ಟು ಹೊತ್ತು ಕರೆಂಟು ಇರುವುದಿಲ್ಲ.

ಇಷ್ಟು ಹೇಳಿದರೆ ಫ್ಲೋಟಿನ ಅರ್ಥ ಮುಗಿಯಿತೇ? ಇಲ್ಲ. ವಿಆರ್‌ಎಲ್‌ಎ ಸೆಲ್ಲಿಗೆ ಫ್ಲೋಟ್ ವೋಲ್ಟೇಜು 2.25, 24 ಸೆಲ್ಲಿಗೆ 54.0. ಈ ಸಂಖ್ಯೆ ನಿಜವಾಗುವುದು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದೊಂದು ಡಿಗ್ರಿ ಬಿಸಿ ಏರಿದಾಗಲೂ ಪ್ರತಿ ಸೆಲ್ಲಿಗೆ ಸುಮಾರು 3 ಮಿಲಿವೋಲ್ಟ್, ಅಂದರೆ ಬ್ಯಾಟರಿಗೆ 72 ಮಿಲಿವೋಲ್ಟ್ ತಗ್ಗಿಸಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಬ್ಯಾಟರಿ 42 ಡಿಗ್ರಿ ಮುಟ್ಟಿತೆಂದರೆ ಸರಿಯಾದ ಫ್ಲೋಟು 52.9 ವೋಲ್ಟು. ಅಲ್ಲಿ 54ರಲ್ಲೇ ಬಿಟ್ಟರೆ ಬ್ಯಾಟರಿ ಹೆಚ್ಚು ಕರೆಂಟು ಎಳೆದು ಇನ್ನಷ್ಟು ಬಿಸಿಯಾಗಿ, ಬಿಸಿಯಾದಷ್ಟೂ ಮತ್ತೆ ಹೆಚ್ಚು ಎಳೆಯುವ ಸುಳಿಗೆ ಸಿಕ್ಕಬಹುದು. ಮಡಿಕೇರಿಯ ಚಳಿಯಲ್ಲಿ ಅದೇ 54 ಸಾಲದೆ ಬ್ಯಾಟರಿ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಒಂದೇ ರಾಜ್ಯದೊಳಗೆ ಒಂದೇ ಪದಕ್ಕೆ ಎರಡು ಅಳತೆ. 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ, ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ಎಕ್ಸ್‌ಚೇಂಜನ್ನು ಹವಾನಿಯಂತ್ರಣವಿಲ್ಲದೆ ನಡೆಯುವಂತೆ ರೂಪಿಸಿದ್ದರು, ಅದು ಆ ವಿನ್ಯಾಸದ ದೊಡ್ಡ ಗೆಲುವು. ಆದರೆ ಎಕ್ಸ್‌ಚೇಂಜು ಬಿಸಿಲನ್ನು ತಾಳಿಕೊಂಡ ಮಾತ್ರಕ್ಕೆ ಸೀಸದ ಬ್ಯಾಟರಿ ತಾಳುವುದಿಲ್ಲ. ಉಷ್ಣತೆ ಹತ್ತು ಡಿಗ್ರಿ ಹೆಚ್ಚಾದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಂದಾಜು.

‘ಬೂಸ್ಟ್’ ಕಾಲದೊಂದಿಗೆ ಅರ್ಥವನ್ನೇ ಬದಲಿಸಿದ ಪದ. ನೀರು ಹಾಕುವ ಹಳೆಯ ಸೆಲ್ಲುಗಳನ್ನು ಪೂರ್ತಿ ತುಂಬಲು ಒಂದೊಂದನ್ನೂ 2.7 ವೋಲ್ಟಿನವರೆಗೆ ಏರಿಸುತ್ತಿದ್ದರು. 24 ಸೆಲ್ಲಿಗೆ ಅದು 64.8 ವೋಲ್ಟು, ಎಕ್ಸ್‌ಚೇಂಜಿನ ಉಪಕರಣ ತಡೆಯಲಾರದ ಮಟ್ಟ. ಹಾಗಾಗಿ ಬೂಸ್ಟ್ ಎಂದರೆ ಬ್ಯಾಟರಿಯನ್ನು ಲೋಡಿನಿಂದ ಬಿಡಿಸಿ ಬೇರೆಯಾಗಿ ಚಾರ್ಜ್ ಮಾಡುವ ಕ್ರಿಯೆ. ವಿಆರ್‌ಎಲ್‌ಎ ಬಂದ ಮೇಲೆ ಬೂಸ್ಟ್ ಎಂದರೆ ಸೆಲ್ಲಿಗೆ 2.30, ಒಟ್ಟು 55.2 ವೋಲ್ಟು, ಬ್ಯಾಟರಿ ಬಸ್ಸಿನಲ್ಲೇ ಇರುತ್ತದೆ, ಪವರ್ ಪ್ಲಾಂಟು ತಾನೇ ಏರಿಸಿ ತಾನೇ ಇಳಿಸುತ್ತದೆ. ಹಳೆಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸ ಬ್ಯಾಟರಿಗೆ ಬೂಸ್ಟ್ ಕೊಟ್ಟರೆ ಅದರ ತೇವವೆಲ್ಲ ವಾಲ್ವಿನ ಮೂಲಕ ಅನಿಲವಾಗಿ ಹೋಗಿ ಮತ್ತೆ ತುಂಬಲಾಗದಂತೆ ಒಣಗುತ್ತದೆ. ಪದಕೋಶದಲ್ಲಿ ಬೂಸ್ಟಿಗೆ ಒಂದೇ ಅರ್ಥ ಕೊಡುವುದು ಅಪಾಯಕರ.

‘ಟ್ರಿಕಲ್’ ಅನ್ನು ಫ್ಲೋಟಿನ ಸಮಾನಪದವೆಂದು ಬಳಸುವ ರೂಢಿಯಿದೆ. ಲೋಡಿನಿಂದ ಬಿಡಿಸಿಟ್ಟ ಬ್ಯಾಟರಿಗೆ ಅದರ ಸ್ವಂತ ಸೋರಿಕೆ ತುಂಬುವಷ್ಟೇ ಕೊಡುವುದು ಟ್ರಿಕಲ್. ಬಸ್ಸಿನಲ್ಲಿ ಲೋಡಿನ ಜೊತೆಗಿದ್ದರೆ ಫ್ಲೋಟ್.

ಎ.ಎಚ್. ಎಂಬ ಅಪೂರ್ಣ ಸಂಖ್ಯೆ

ಅತಿ ಹೆಚ್ಚು ತಪ್ಪಾಗುವುದು ಆಂಪಿಯರ್-ಅವರ್ (ಎ.ಎಚ್.) ವಿಷಯದಲ್ಲಿ. 200 ಎ.ಎಚ್. ಬ್ಯಾಟರಿಯಿಂದ 60 ಆಂಪಿಯರ್ ಎಳೆದರೆ ಎಷ್ಟು ಹೊತ್ತು ಬರುತ್ತದೆ? ಭಾಗಾಕಾರ ಮಾಡಿದವರು ಮೂರು ಗಂಟೆ ಇಪ್ಪತ್ತು ನಿಮಿಷ ಎನ್ನುತ್ತಾರೆ. ಬರುವುದು ಎರಡು ಗಂಟೆಗಿಂತ ಚೂರು ಹೆಚ್ಚು.

ಕಾರಣ, ಆ 200 ಎಂಬುದು ‘ಸಿ10’ ಅಳತೆ: ಹತ್ತು ಗಂಟೆಯುದ್ದಕ್ಕೂ 20 ಆಂಪಿಯರಿನಂತೆ ಎಳೆದಾಗ ಸಿಗುವ ಒಟ್ಟು. ಬೇಗ ಎಳೆದಷ್ಟೂ ಸಿಗುವುದು ಕಡಿಮೆ. ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ 1897ರಲ್ಲಿ ಇದನ್ನು ಸೂತ್ರಕ್ಕೆ ತಂದ. ಟ್ಯೂಬ್ಯುಲರ್ ಫಲಕದ ಸ್ಥಾವರ ಸೆಲ್ಲುಗಳಿಗೆ ಭಾರತೀಯ ಮಾನಕ 1651 ಕೊಡುವ ಕೋಷ್ಟಕದಲ್ಲಿ ಐದು ಗಂಟೆಗೆ 83.3 ಶೇಕಡಾ, ಮೂರು ಗಂಟೆಗೆ 71.7, ಎರಡು ಗಂಟೆಗೆ 63.3, ಒಂದು ಗಂಟೆಗೆ 50 ಶೇಕಡಾ ಮಾತ್ರ. ಎರಡು ಗಂಟೆಯ ಲೆಕ್ಕದಲ್ಲಿ 200ರ ಪಾಲು 126.6 ಎ.ಎಚ್., ಅಂದರೆ 63.3 ಆಂಪಿಯರ್. ಮನೆಯ ಇನ್ವರ್ಟರಿನ 150 ಎ.ಎಚ್. ಬ್ಯಾಟರಿಗೆ ಸಾಮಾನ್ಯವಾಗಿ ಬರೆದಿರುವುದು ಸಿ20, ಇಪ್ಪತ್ತು ಗಂಟೆಯ ಲೆಕ್ಕ. ಎಕ್ಸ್‌ಚೇಂಜಿನ 150ಕ್ಕೂ ಮನೆಯ 150ಕ್ಕೂ ಸಂಖ್ಯೆ ಒಂದೇ, ಸರಕು ಬೇರೆ. ಕನ್ನಡದ ಜಾಹೀರಾತು, ಟೆಂಡರ್ ಪ್ರಕಟಣೆ, ಕೈಪಿಡಿ ಯಾವುದೇ ಇರಲಿ, ಸಿ-ಅಂಕವಿಲ್ಲದೆ ಎ.ಎಚ್. ಬರೆಯಬಾರದು.

ಬ್ಯಾಟರಿಯನ್ನು ಖಾಲಿ ಮಾಡುತ್ತಾ ಅಳೆಯುವ ಸಾಮರ್ಥ್ಯ ಪರೀಕ್ಷೆಯ ದಾಖಲೆ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅಡ್ಡಕ್ಕೆ 24 ಸೆಲ್ಲುಗಳ ಕಾಲಮ್ಮು, ಉದ್ದಕ್ಕೆ ಗಂಟೆಗಳು, ಕೊನೆಯಲ್ಲಿ ಒಟ್ಟು ವೋಲ್ಟೇಜು. ಕೊನೆಯ ಕಾಲಮ್ಮಿನಲ್ಲಿ 45.25 ಎಂದಿದೆ ಎನ್ನೋಣ. ನಿಲ್ಲಿಸಬೇಕಾದ ಮಿತಿ, ಅಂದರೆ ‘ಎಂಡ್ ವೋಲ್ಟೇಜ್’, 42; ಆದ್ದರಿಂದ ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಸಾಲನ್ನು ಹಿಂದಕ್ಕೆ ಓದಿದರೆ ಇಪ್ಪತ್ಮೂರು ಸೆಲ್ಲುಗಳು 1.90ರಲ್ಲಿವೆ, ಒಂದು 1.55ಕ್ಕೆ ಕುಸಿದಿದೆ. ಮಿತಿ ಸೆಲ್ಲಿಗೆ 1.75. ಆ ಒಂದು ಸೆಲ್ಲಿನ ಮಟ್ಟಿಗೆ ಪರೀಕ್ಷೆ ಯಾವಾಗಲೋ ಮುಗಿದಿದೆ, ಮುಂದುವರಿಸಿದರೆ ಉಳಿದವುಗಳ ಕರೆಂಟು ಅದನ್ನು ಉಲ್ಟಾ ಚಾರ್ಜ್ ಮಾಡಿ ಕೊಲ್ಲುತ್ತದೆ. ‘ಎಂಡ್ ವೋಲ್ಟೇಜ್’ ಎಂಬ ಪದದ ಮುಂದೆ ‘ಸೆಲ್ಲಿನದೋ ಬ್ಯಾಟರಿಯದೋ’ ಎಂದು ಹೇಳದ ವ್ಯಾಖ್ಯೆ ಅರ್ಧ ವ್ಯಾಖ್ಯೆ.

‘ಆಯುಸ್ಸು ಮುಗಿಯಿತು’ ಎಂಬುದೂ ಇಂಥದ್ದೇ. ಸಾಮರ್ಥ್ಯ 80 ಶೇಕಡಾಕ್ಕೆ ಇಳಿದಾಗ ಸ್ಥಾವರ ಬ್ಯಾಟರಿಯನ್ನು ಬದಲಿಸುವುದು ರೂಢಿ. ಆಗಲೂ ಅದು ದೀಪ ಉರಿಸುತ್ತದೆ, ಮೀಟರಿನಲ್ಲಿ ವೋಲ್ಟೇಜು ತೋರಿಸುತ್ತದೆ. ಆದರೆ ಆ ಹಂತ ದಾಟಿದ ಮೇಲೆ ಇಳಿತ ವೇಗವಾಗುತ್ತದೆ, ನಂಬಿ ಕೂರುವಂತಿಲ್ಲ.

ಉಪಕೇಂದ್ರದಲ್ಲಿ

ಹೈಟೆನ್ಷನ್ ಲೈನಿನಲ್ಲಿ ದೋಷವುಂಟಾದಾಗ ಬ್ರೇಕರ್ ತೆರೆದುಕೊಳ್ಳಬೇಕು. ಅದೇ ಹೊತ್ತಿಗೆ ಎ.ಸಿ. ವೋಲ್ಟೇಜು ಕುಸಿದಿರುತ್ತದೆ. ಅದಕ್ಕೇ ಬ್ರೇಕರನ್ನು ತೆರೆಸುವ ಟ್ರಿಪ್ ಕಾಯಿಲ್ಲಿಗೆ 110 ಅಥವಾ 220 ವೋಲ್ಟಿನ ಡಿ.ಸಿ. ಬೇಕು. 110ಕ್ಕೆ 55 ಸೀಸದ ಸೆಲ್ಲು. ಚಾರ್ಜರಿನ ಹೆಸರು ಸಿಬ್ಬಂದಿಯ ಬಾಯಲ್ಲಿ ‘ಎಫ್‌ಸಿಬಿಸಿ’: ಫ್ಲೋಟನ್ನೂ ಬೂಸ್ಟನ್ನೂ ಮಾಡುವ ಒಂದೇ ಪೆಟ್ಟಿಗೆ.

ಇಲ್ಲಿ ‘ಫ್ಲೋಟ್’ ಎರಡು ವೇಷದಲ್ಲಿ ಬರುತ್ತದೆ. ಬ್ಯಾಟರಿ ಫ್ಲೋಟ್ ಚಾರ್ಜಿನಲ್ಲಿದೆ. ಜೊತೆಗೆ ಇಡೀ ಡಿ.ಸಿ. ವ್ಯವಸ್ಥೆಯೇ ‘ಫ್ಲೋಟಿಂಗ್’, ಅದರ ಪ್ಲಸ್ಸಾಗಲಿ ಮೈನಸ್ಸಾಗಲಿ ನೆಲಕ್ಕೆ ಸೇರಿಲ್ಲ. ಎರಡನ್ನೂ ‘ತೇಲುವ’ ಎಂದು ಬರೆದ ಅನುವಾದ ಓದುಗನನ್ನು ಮುಳುಗಿಸುತ್ತದೆ. ಮೊದಲನೆಯದನ್ನು ಫ್ಲೋಟ್ ಎಂದೇ ಉಳಿಸಿ, ಎರಡನೆಯದನ್ನು ‘ಭೂಸಂಪರ್ಕವಿಲ್ಲದ’ ಎಂದು ಕರೆಯುವುದು ಸರಿ. ಭೂಸಂಪರ್ಕ ಬಿಟ್ಟಿರುವುದಕ್ಕೂ ಕಾರಣವಿದೆ. ಒಂದು ಕಡೆ ತಂತಿ ನೆಲಕ್ಕೆ ತಾಗಿದರೆ ಕೆಲಸ ನಿಲ್ಲದು, ಸೂಚನೆ ಮಾತ್ರ ಬರುತ್ತದೆ. ಎರಡನೆಯ ಕಡೆಯೂ ತಾಗಿದರೆ ಬ್ರೇಕರ್ ಸುಮ್ಮನೆ ಬೀಳಬಹುದು, ಬೀಳಬೇಕಾದಾಗ ಬೀಳದೆಯೂ ಇರಬಹುದು. ಹಳೆಯ ಪ್ಯಾನೆಲ್ಲುಗಳಲ್ಲಿ ಇದನ್ನು ನೋಡಲು ಎರಡು ಬಲ್ಬುಗಳಿರುತ್ತವೆ: ಪ್ಲಸ್‌ನಿಂದ ಮೈನಸ್‌ಗೆ ಸಾಲಾಗಿ, ನಡುಬಿಂದು ನೆಲಕ್ಕೆ. ಎರಡೂ ಒಂದೇ ಮಂದದಲ್ಲಿ ಉರಿದರೆ ಕ್ಷೇಮ. ಒಂದು ಆರುತ್ತಾ ಇನ್ನೊಂದು ಪ್ರಖರವಾದರೆ, ಆರಿದ ಬಲ್ಬಿನ ತುದಿ ನೆಲಕ್ಕೆ ತಾಗಿದೆ.

ಲೋಡುಗಳ ವರ್ಗೀಕರಣದಲ್ಲಿ ‘ಮೊಮೆಂಟರಿ’ ಎಂಬುದನ್ನು ‘ಕ್ಷಣಿಕ’ ಎಂದು ತರುವವರಿಗೆ ಒಂದು ಎಚ್ಚರಿಕೆ. ಟ್ರಿಪ್ ಕಾಯಿಲ್ ಕರೆಂಟು ಎಳೆಯುವುದು ಸೆಕೆಂಡಿನ ಒಂದು ಪಾಲು. ಬ್ಯಾಟರಿಯ ಗಾತ್ರ ನಿರ್ಧರಿಸುವ ರೂಢಿಯ ಲೆಕ್ಕದಲ್ಲಿ ಅದನ್ನು ಪೂರ್ತಿ ಒಂದು ನಿಮಿಷದ ಲೋಡೆಂದೇ ಹಿಡಿಯುತ್ತಾರೆ. ಆ ಕ್ಷಣದ ವೋಲ್ಟೇಜು ಕುಸಿತವೇ ಅಲ್ಲಿ ನಿರ್ಣಾಯಕ. ‘ಒಂದು ನಿಮಿಷದ ಲೋಡ್’ ಎಂದರೆ ಸಾಕು; ಷರತ್ತು ಹೆಸರಿನಲ್ಲೇ ಬಂದುಬಿಡುತ್ತದೆ.

ಲಿಥಿಯಂ ಬಂದ ಮೇಲೆ

ಟವರುಗಳಲ್ಲಿ ಈಗ ಸೀಸದ ಜಾಗಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬರುತ್ತಿದೆ. ಸೆಲ್ಲಿಗೆ 3.2 ವೋಲ್ಟು; ಹದಿನೈದು ಸೆಲ್ಲಿಗೆ 48, ಹದಿನಾರಕ್ಕೆ 51.2. ಪವರ್ ಪ್ಲಾಂಟಿನ ಪರದೆಯ ಮೇಲೆ ಹಳೆಯ ಪದಗಳೇ ಇವೆ, ಒಳಗಿನ ಅರ್ಥ ಸರಿದಿದೆ. ಈ ಸೆಲ್ಲಿನ ಸ್ವಯಂ ಸೋರಿಕೆ ಬಹಳ ಕಡಿಮೆ, ಹಾಗಾಗಿ ಫ್ಲೋಟು ಹಳೆಯ ಅರ್ಥದಲ್ಲಿ ಅವಶ್ಯಕವಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ಬ್ಯಾಟರಿಯ ಪೆಟ್ಟಿಗೆಯೊಳಗೇ ಕುಳಿತಿರುವ ಬಿಎಂಎಸ್ ಎಂಬ ಕಾವಲು ಮಂಡಲ. ಒಂದು ಸೆಲ್ ಮಿತಿ ಮೀರಿದರೂ ಅದು ಇಡೀ ಬ್ಯಾಟರಿಯನ್ನು ಬಸ್ಸಿನಿಂದ ಕಳಚಿಬಿಡುತ್ತದೆ. ಫ್ಲೋಟಿನ ವ್ಯಾಖ್ಯೆ ನಿಂತಿದ್ದದ್ದು ರೆಕ್ಟಿಫೈಯರ್, ಬ್ಯಾಟರಿ, ಲೋಡುಗಳ ನಡುವೆ ಪವರ್ ಪ್ಲಾಂಟಿನ ಕೈ ಮೀರಿದ ಸ್ವಿಚ್ಚಿಲ್ಲ ಎಂಬ ಆಧಾರದ ಮೇಲೆ. ಈಗ ಒಂದು ಸ್ವಿಚ್ಚು ಬಂದಿದೆ, ಅದರ ನಿರ್ಧಾರ ಪವರ್ ಪ್ಲಾಂಟಿನ ಕೈಯಲ್ಲಿಲ್ಲ. ಸೀಸದ ಕಾಲದಲ್ಲಿ ‘ಲೋ ವೋಲ್ಟೇಜ್ ಕಟ್’, ಅಂದರೆ ವೋಲ್ಟೇಜು ಮಿತಿಗೆ ಇಳಿದಾಗ ಬ್ಯಾಟರಿಯನ್ನು ಕಳಚುವುದು, ಪವರ್ ಪ್ಲಾಂಟಿನ ಕಾಂಟ್ಯಾಕ್ಟರು ಮಾಡುವ ಕೆಲಸ. ಲಿಥಿಯಂ ಇರುವ ಕಡೆ ಕಾಂಟ್ಯಾಕ್ಟರಿಗಿಂತ ಮೊದಲು ಬಿಎಂಎಸ್ ಕಳಚಿಕೊಂಡರೆ, ಪರದೆಯ ಮೇಲೆ ಎಚ್ಚರಿಕೆ ಮೂಡುವ ಮೊದಲೇ ಟವರು ಆರುತ್ತದೆ. ಆದ್ದರಿಂದ ಹೊಸ ಕನ್ನಡ ಕೈಪಿಡಿಯಲ್ಲಿ ‘ಕಟ್’ ಎಂಬ ಪದದ ನಮೂದು ಮೂರು ಸಂಗತಿಗಳನ್ನು ಬಿಡದೆ ಹೇಳಬೇಕಾಗುತ್ತದೆ: ಯಾವ ವೋಲ್ಟೇಜಿನಲ್ಲಿ, ಸೆಲ್ಲಿನದೋ ಬ್ಯಾಟರಿಯದೋ, ಮತ್ತು ಕಳಚುವವರು ಯಾರು.