ಊಟಕ್ಕೆ ಮುಂಚಿನ ಕಹಿ

ಪ್ರಾಚೀನ ರೋಮಿನಲ್ಲಿ ಲ್ಯಾಟಿನ್ ಹಬ್ಬದ ದಿನ ಕ್ಯಾಪಿಟೊಲ್ ಗುಡ್ಡದ ಮೇಲೆ ನಾಲ್ಕು ಕುದುರೆಗಳ ರಥದ ಪಂದ್ಯ ನಡೆಯುತ್ತಿತ್ತು. ಗೆದ್ದ ಸಾರಥಿಗೆ ಕುಡಿಯಲು ಕೊಡುತ್ತಿದ್ದದ್ದು ಜೇನೂ ಅಲ್ಲ, ಸಿಹಿ ದ್ರಾಕ್ಷಾರಸವೂ ಅಲ್ಲ. ನಾಲಿಗೆ ಮುದುಡುವಷ್ಟು ಕಹಿಯಾದ ಒಂದು ಗಿಡದ ರಸ. ಕ್ರಿ.ಶ. ಮೊದಲ ಶತಮಾನದ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಈ ಸಂಗತಿಯನ್ನು ಬರೆದಿಟ್ಟಿದ್ದಾನೆ. ಆರೋಗ್ಯವೇ ಎಲ್ಲಕ್ಕಿಂತ ದೊಡ್ಡ ಬಹುಮಾನವೆಂದು ಹಿರಿಯರು ಎಣಿಸಿರಬೇಕು ಎಂಬುದು ಅವನು ಕೊಡುವ ಕಾರಣ. ಅದೇ ಗಿಡವನ್ನು ವೈನಿನಲ್ಲಿ ನೆನೆಸಿ ಮಾಡುವ ಪಾನೀಯದ ಮಾತೂ ಅವನ ಗ್ರಂಥದಲ್ಲಿ ಬರುತ್ತದೆ.

ಆ ಗಿಡದ ಬಳಗ ಕನ್ನಡ ನಾಡಿಗೆ ಹೊಸದಲ್ಲ. ಚೈತ್ರದ ಹುಣ್ಣಿಮೆಗೆ ತನ್ನ ಹೆಸರನ್ನೇ ಕೊಟ್ಟ ದವನ, ಗಣೇಶನ ಪತ್ರೆಪೂಜೆಯಲ್ಲಿ ಏರಿಸುವ ಮಾಚಿಪತ್ರೆ, ಎರಡೂ ಆರ್ಟಿಮೀಸಿಯಾ ಎಂಬ ಸಸ್ಯಕುಲಕ್ಕೆ ಸೇರಿದವು. ರೋಮಿನ ಸಾರಥಿ ಕುಡಿದ ಆರ್ಟಿಮೀಸಿಯಾ ಆಬ್ಸಿಂಥಿಯಮ್ ಕೂಡ ಅದೇ ಕುಲದ್ದು. ಎಲೆಯ ಮೇಲೆ ಅದೇ ಬೂದಿ ಬಳಿದಂಥ ಬಣ್ಣ, ಉಜ್ಜಿದರೆ ಕೈಗೆ ಹತ್ತಿ ಬಿಡದ ಘಾಟು. ದವನದಲ್ಲಿ ಹಣ್ಣಿನ ಕಂಪು ಮುಂದಾದರೆ ಇದರಲ್ಲಿ ಕಹಿಯೇ ಮುಂದು. ಜರ್ಮನ್ನರು ಇದನ್ನು ವೆರ್ಮುಟ್ ಎಂದರು. ಇಟಲಿಯ ಟ್ಯೂರಿನ್ ನಗರ ಈ ಹೆಸರನ್ನು ಎತ್ತಿಕೊಂಡು ಲೋಕಕ್ಕೆಲ್ಲ ಹಂಚಿತು: ವರ್ಮೂತ್.

ಕಹಿ ಮದ್ದನ್ನು ವೈನಿನಲ್ಲಿ ಬೆರೆಸಿ ಕೊಡುವುದರ ಹಿಂದೆ ವೈದ್ಯರ ಲೆಕ್ಕಾಚಾರವಿತ್ತು. ನೀರಿಗೆ ಸುಲಭವಾಗಿ ಇಳಿಯದ ಸತ್ವ ಮದ್ಯಸಾರಕ್ಕೆ ಇಳಿಯುತ್ತದೆ. ನೀರಿನಲ್ಲಿ ಕುದಿಸಿದ ಕಷಾಯ ಎರಡು ದಿನಕ್ಕೆ ಹಳಸಿದರೆ ಇದು ಬಹಳ ದಿನ ಬಾಳುತ್ತದೆ. ಮಧ್ಯಯುಗದ ಯುರೋಪಿನಲ್ಲಿ ದಾಲ್ಚಿನ್ನಿ, ಶುಂಠಿ, ಲವಂಗಗಳನ್ನು ಹಾಕಿ, ಸಿಹಿ ಬೆರೆಸಿ, ಬಟ್ಟೆಯ ಉದ್ದ ಚೀಲದಲ್ಲಿ ಸೋಸಿದ ವೈನಿಗೆ ಗ್ರೀಕ್ ವೈದ್ಯ ಹಿಪೊಕ್ರಟಿಸನ ಹೆಸರು ಅಂಟಿಕೊಂಡಿತ್ತು. ಸೋಸುವ ಚೀಲವನ್ನೂ ‘ಹಿಪೊಕ್ರಟಿಸನ ಅಂಗಿತೋಳು’ ಎಂದೇ ಕರೆಯುತ್ತಿದ್ದರು. ಇವೆಲ್ಲ ಔಷಧದ ಅಂಗಡಿಯ ಸರಕು. ಇವನ್ನು ಅಲ್ಲಿಂದ ಎಬ್ಬಿಸಿ ಸಂಜೆಯ ಹರಟೆಕಟ್ಟೆಗೆ ತಂದು ಕೂರಿಸಿದ್ದು ಟ್ಯೂರಿನ್.

ಆ ಕೆಲಸ ಟ್ಯೂರಿನ್ನಿಗೇ ಏಕೆ ಒದಗಿತು ಎಂಬುದಕ್ಕೆ ಉತ್ತರ ನಕ್ಷೆಯಲ್ಲಿದೆ. ಟ್ಯೂರಿನ್ ಇರುವ ಪ್ರಾಂತ್ಯ ಪೀಡ್‌ಮಾಂಟ್; ಹಾಗೆಂದರೆ ಬೆಟ್ಟದ ಬುಡ. ಮೂರು ದಿಕ್ಕಿಗೆ ಆಲ್ಪ್ಸ್ ಪರ್ವತ. ಅದರ ಇಳಿಜಾರುಗಳಲ್ಲಿ ಜೆನ್ಷಿಯನ್ ಬೇರು, ಹತ್ತಾರು ಬಗೆಯ ಸುವಾಸನೆಯ ಸೊಪ್ಪು. ಆಗ್ನೇಯಕ್ಕೆ ಕನೆಲ್ಲಿ, ಆಸ್ತಿ ಸುತ್ತಲಿನ ಗುಡ್ಡಗಳಲ್ಲಿ ಹೂವಿನಂತೆ ಘಮಘಮಿಸುವ ಮೊಸ್ಕಾತೊ ದ್ರಾಕ್ಷಿ. ಇನ್ನೂ ಕೆಳಗೆ ಸಮುದ್ರ. ಅಲ್ಲಿನ ಬಂದರುಗಳಿಂದ ಸಕ್ಕರೆ, ಕೋಕೋ, ಜಾಯಿಕಾಯಿ, ಲವಂಗ, ಮತ್ತು ಸಹ್ಯಾದ್ರಿಯನ್ನು ತವರಾಗಿಸಿಕೊಂಡ ಏಲಕ್ಕಿ ಮೇಲಕ್ಕೆ ಬರುತ್ತಿದ್ದವು. ಇವೆಲ್ಲ ಬಂದು ಸೇರುವ ಊರನ್ನು ಸವೊಯ್ ಅರಸರು 1563ರಲ್ಲಿ ತಮ್ಮ ರಾಜಧಾನಿ ಮಾಡಿಕೊಂಡಿದ್ದರು. ಅರಮನೆ ಇದ್ದಲ್ಲಿ ಸಿಹಿತಿಂಡಿಯವರು, ಪಾನಕದವರು, ಭಟ್ಟಿ ಇಳಿಸುವವರು ಇರಲೇಬೇಕು. ಟ್ಯೂರಿನ್ನಿನಲ್ಲಿ ಮಿಠಾಯಿ ಮಾಡುವವರಿಗೂ ಮದ್ಯಸಾರ ಇಳಿಸುವವರಿಗೂ ಇದ್ದದ್ದು ಒಂದೇ ಕಸುಬುದಾರರ ಸಂಘ. ಸಕ್ಕರೆ ಪಾಕದ ಹದ ಬಲ್ಲ ಕೈಯೇ ಬೇರು ತೊಗಟೆಗಳ ಸಾರವನ್ನೂ ಇಳಿಸುತ್ತಿತ್ತು. ಕಹಿಯನ್ನು ರುಚಿ ಮಾಡುವ ವಿದ್ಯೆ ಹುಟ್ಟಿದ್ದು ಈ ಜೋಡಿಯಿಂದ.

1757ರಲ್ಲಿ ಚಿನ್ಜಾನೊ ಮನೆತನದ ಇಬ್ಬರು ಸಹೋದರರು ಆ ಸಂಘದಲ್ಲಿ ಪರಿಣತರಾಗಿ ಸೇರಿದರು. ಮುಂದೆ ವರ್ಮೂತ್ ಬಾಟಲಿಗಳ ಮೇಲೆ ಜಗತ್ತೆಲ್ಲ ಓದಿದ ಹೆಸರುಗಳಲ್ಲಿ ಇದು ಒಂದು.

ಆದರೆ ಟ್ಯೂರಿನ್ನಿನವರು ತಮ್ಮ ವರ್ಮೂತಿನ ಹುಟ್ಟಿನ ವರ್ಷವೆಂದು ಎಣಿಸುವುದು 1786ನ್ನು. ಆ ವರ್ಷ ಅರಮನೆಯ ಎದುರಿನ ಚೌಕವಾದ ಪಿಯಾಜ್ಜಾ ಕಾಸ್ತೆಲ್ಲೊದ ಅಂಗಡಿಯೊಂದರಲ್ಲಿ ಆಂತೋನಿಯೊ ಬೆನೆದೆತ್ತೊ ಕಾರ್ಪಾನೊ ಎಂಬಾತ ಮೊಸ್ಕಾತೊ ವೈನಿಗೆ ಗಿಡಮೂಲಿಕೆಗಳ ಸಾರ ಬೆರೆಸಿ ಮಾರತೊಡಗಿದ. ಅವನು ಒಂದು ಪೆಟ್ಟಿಗೆಯನ್ನು ಅರಸ ಮೂರನೆಯ ವಿತ್ತೋರಿಯೊ ಅಮೆದೆಯೊಗೆ ಕಳಿಸಿದ, ಅರಸನಿಗೆ ಅದು ಹಿಡಿಸಿತು ಎಂಬ ಕಥೆ ಆ ಊರಿನಲ್ಲಿ ಇಂದಿಗೂ ಓಡಾಡುತ್ತದೆ. ಕಹಿ ಗಿಡದ ವೈನ್ ಅವನಿಗಿಂತ ಎಷ್ಟೋ ಮೊದಲು ಇತ್ತು. ಅವನು ತಂದ ಬದಲಾವಣೆ ಹದದಲ್ಲಿತ್ತು. ಸಿಹಿ ಮೊದಲು ಬಂದು ಕಹಿ ಕೊನೆಗೆ ಉಳಿಯುವಂತೆ, ಮದ್ದೆಂದು ಮೂಗು ಹಿಡಿದು ನುಂಗುವ ಬದಲು ಇನ್ನೊಂದು ಗುಟುಕು ಬೇಕೆನಿಸುವಂತೆ ಅವನು ಅದನ್ನು ಕೂಡಿಸಿದ್ದ.

ಮಾಡುವ ಕ್ರಮ ಅಂದಿನಿಂದ ಮೂಲದಲ್ಲಿ ಬದಲಾಗಿಲ್ಲ. ಆರ್ಟಿಮೀಸಿಯಾ, ಜೆನ್ಷಿಯನ್, ಸಿಂಕೋನ ತೊಗಟೆ, ಆಂಜೆಲಿಕಾ ಬೇರು, ಕೊತ್ತಂಬರಿ ಬೀಜ, ಏಲಕ್ಕಿ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ, ಕೇಸರಿ, ವೆನಿಲಾ ಮೊದಲಾದವುಗಳಲ್ಲಿ ತನ್ನ ಗುಟ್ಟಿನ ಪಟ್ಟಿಗೆ ಹೊಂದುವಂಥವನ್ನು ತಯಾರಕ ಮದ್ಯಸಾರದಲ್ಲಿ ನೆನೆಹಾಕುತ್ತಾನೆ. ದಿನಗಟ್ಟಲೆ ನೆಂದ ಸಾರವನ್ನು ಸೋಸಿ ಸೌಮ್ಯವಾದ ಬಿಳಿ ವೈನಿಗೆ ಬೆರೆಸಿ, ಸಕ್ಕರೆ ಕೂಡಿಸಿ, ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳಲು ಬಿಡುತ್ತಾನೆ. ಯುರೋಪಿನ ಈಗಿನ ನಿಯಮದಂತೆ ಅದರಲ್ಲಿ ಶೇ 75ರಷ್ಟಾದರೂ ವೈನ್ ಇರಬೇಕು. ಕೆಂಪು ವರ್ಮೂತ್ ಕೆಂಪು ದ್ರಾಕ್ಷಿಯಿಂದ ಆಗುತ್ತದೆಂದು ಹಲವರು ತಿಳಿದಿದ್ದಾರೆ. ಆ ಬಣ್ಣ ಹೆಚ್ಚಾಗಿ ಬರುವುದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಸಕ್ಕರೆಯಿಂದ. ಒಳಗಿರುವುದು ಬಿಳಿ ವೈನೇ.

ಕಹಿ ನಾಲಿಗೆಗೆ ತಾಗಿದರೆ ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ಊಟಕ್ಕೆ ಅಣಿಯಾಗುತ್ತದೆ ಎಂಬುದು ಹಳೆಯ ವೈದ್ಯರ ನಂಬಿಕೆ. ಹಾಗಾಗಿ ಇದನ್ನು ಕುಡಿಯುವ ಹೊತ್ತು ಊಟಕ್ಕೆ ಮುಂಚೆ ಎಂದು ತಾನಾಗಿಯೇ ಗೊತ್ತಾಯಿತು. ತೆರೆಯುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ‘ಅಪೆರಿತಿವೊ’ ಎಂಬ ಹೆಸರು ಬಂತು: ಹಸಿವಿನ ಬಾಗಿಲು ತೆರೆಯುವಂಥದ್ದು. 19ನೇ ಶತಮಾನದ ಟ್ಯೂರಿನ್ನಿನಲ್ಲಿ ಕಚೇರಿ ಬಿಟ್ಟವರು, ವ್ಯಾಪಾರಿಗಳು, ರಾಜಕಾರಣಿಗಳು ಕಮಾನು ಸಾಲುಗಳ ಕೆಳಗಿನ ಕಾಫಿಮನೆಗಳಲ್ಲಿ ಸೇರುವ ಸಮಯಕ್ಕೆ ‘ವರ್ಮೂತ್ ವೇಳೆ’ ಎಂದೇ ಹೆಸರಾಯಿತು. ಗಿರಾಕಿಗಳು ತಮ್ಮ ಬಾಯಿಗೆ ತಕ್ಕಂತೆ ಇನ್ನಷ್ಟು ಕಹಿ ಸಾರ ಹಾಕಿಸಿಕೊಳ್ಳುತ್ತಿದ್ದರು. 1870ರಲ್ಲಿ ಷೇರುಪೇಟೆಯ ದಲ್ಲಾಳಿಯೊಬ್ಬ ಕಾರ್ಪಾನೊ ಅಂಗಡಿಯಲ್ಲಿ ಬೆಲೆಗಳ ಏರಿಳಿತದ ಮಾತಿನಲ್ಲಿ ಮುಳುಗಿದ್ದಾಗ, ಅದೇ ಗುಂಗಿನಲ್ಲಿ ಪೀಡ್‌ಮಾಂಟಿನ ಆಡುನುಡಿಯಲ್ಲಿ ‘ಪುಂತ್ ಎ ಮೆಸ್’, ಅಂದರೆ ಒಂದೂವರೆ ಪಾಯಿಂಟ್, ಎಂದು ವರ್ಮೂತ್ ಕೇಳಿದನಂತೆ. ಒಂದು ಪಾಲು ಸಿಹಿ, ಅರ್ಧ ಪಾಲು ಕಹಿ. ಈ ಕಥೆ ಎಷ್ಟು ನಿಜವೋ, ಆ ಹೆಸರಿನ ಬಾಟಲಿ ಮಾತ್ರ ಈಗಲೂ ಮಾರಾಟದಲ್ಲಿದೆ.

ಅಂಗಡಿಯ ಪಾನೀಯ ಕಾರ್ಖಾನೆಯ ಸರಕಾಗಲು ರೈಲು ಬರಬೇಕಾಯಿತು. 1850ರ ದಶಕದ ಮೊದಲ ವರ್ಷಗಳಲ್ಲಿ ಟ್ಯೂರಿನ್ನಿನಿಂದ ಜಿನೋವಾ ಬಂದರಿಗೆ ರೈಲುಹಾದಿ ಪೂರ್ಣಗೊಂಡಿತು. 1847ರಲ್ಲಿ ಶುರುವಾಗಿದ್ದ ಭಟ್ಟಿಯ ಕಂಪನಿಯೊಂದು 1863ರಲ್ಲಿ ಅಲೆಸ್ಸಾಂದ್ರೊ ಮಾರ್ತೀನಿ, ಮೂಲಿಕೆಗಳ ತಜ್ಞ ಲುಯಿಜಿ ರೊಸ್ಸಿ, ತೆಯೋಫಿಲೊ ಸೋಲಾ ಎಂಬ ಮೂವರ ಕೈಗೆ ಬಂತು. ಅವರು ತಯಾರಿಕೆಯನ್ನು ಆ ರೈಲುಹಾದಿಯ ಪಕ್ಕದ ಪೆಸ್ಸಿಯೊನೆ ಊರಿಗೆ ಒಯ್ದರು. ಅಲ್ಲಿ ತುಂಬಿದ ಪೆಟ್ಟಿಗೆ ನೇರ ಹಡಗಿನ ಮಗ್ಗುಲಿಗೆ ಹೋಗುತ್ತಿತ್ತು. 1879ರಿಂದ ಆ ಕಂಪನಿ ಮಾರ್ತೀನಿ ಅಂಡ್ ರೊಸ್ಸಿ ಎಂಬ ಹೆಸರಿನಲ್ಲಿ ನಡೆಯಿತು. ಸಾಮಾನ್ಯ ವೈನ್ ಸಮುದ್ರಯಾನದಲ್ಲಿ ಹುಳಿಯುವ ಭಯವಿತ್ತು. ಸಕ್ಕರೆ ಮತ್ತು ಹೆಚ್ಚಿನ ಮದ್ಯಸಾರ ವರ್ಮೂತನ್ನು ಕಾಯುತ್ತಿದ್ದವು. ಬಡತನದಿಂದ ಬೇಸತ್ತು ಅರ್ಜೆಂಟೀನಕ್ಕೆ ವಲಸೆ ಹೋದ ಲಕ್ಷಾಂತರ ಇಟಾಲಿಯನ್ನರ ಹಿಂದೆಯೇ ಅದೂ ಹೋಯಿತು. ಅಲ್ಲಿ ಅದು ಎಷ್ಟು ಬೇರೂರಿತೆಂದರೆ, ಸಂಜೆಯ ಮೊದಲ ನಾಟಕದ ಅಥವಾ ಸಿನಿಮಾದ ಆಟಕ್ಕೆ ‘ವರ್ಮೂತ್ ಆಟ’ ಎಂಬ ಹೆಸರು ಬಿತ್ತು.

ಅಮೆರಿಕದ ಬಾರುಗಳಲ್ಲಿ ಅದಕ್ಕೆ ಬೇರೆಯೇ ಬಾಳು ಸಿಕ್ಕಿತು. 1880ರ ದಶಕದ ಹೊತ್ತಿಗೆ ವಿಸ್ಕಿಯೊಂದಿಗೆ ಬೆರೆತು ಮ್ಯಾನ್‌ಹಾಟನ್ ಎಂಬ ಕಾಕ್‌ಟೇಲ್ ಆಯಿತು. ಇತ್ತ ಇಟಲಿಯಲ್ಲೇ ಮಿಲಾನಿನ ಕಂಪಾರಿ ಎಂಬ ಕಹಿ ಮದ್ಯವನ್ನು ಟ್ಯೂರಿನ್ನಿನ ವರ್ಮೂತಿಗೆ ಸಮನಾಗಿ ಸೇರಿಸಿ ಎರಡೂ ಊರಿನ ಹೆಸರಿಟ್ಟು ‘ಮಿಲಾನೊ–ತೊರಿನೊ’ ಎಂದರು. ಅದಕ್ಕೆ ಸೋಡಾ ಸುರಿದರೆ ಅಮೆರಿಕಾನೊ. 1919ರ ಸುಮಾರಿಗೆ ಫ್ಲಾರೆನ್ಸಿನ ಕಾಫಿಮನೆಯೊಂದರಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ ಸೋಡಾದ ಜಾಗದಲ್ಲಿ ಜಿನ್ ಹಾಕಿಸಿಕೊಂಡ, ಅದರಿಂದ ನೆಗ್ರೋನಿ ಹುಟ್ಟಿತು ಎಂಬುದು ಎಲ್ಲರೂ ಹೇಳುವ ಕಥೆ.

ಪೀಡ್‌ಮಾಂಟಿನ ಹಳ್ಳಿಗಳಲ್ಲಿ ಇದೇ ವಿದ್ಯೆ ಇನ್ನೊಂದು ದಾರಿ ಹಿಡಿಯಿತು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಸಿಂಕೋನ ತೊಗಟೆ 17ನೇ ಶತಮಾನದಲ್ಲಿ ಜೆಸುಯಿಟ್ ಪಾದ್ರಿಗಳ ಮೂಲಕ ರೋಮಿಗೆ ಬಂದಿತ್ತು. ಮಲೇರಿಯಾ ಇಟಲಿಯನ್ನು ಹಿಂಡುತ್ತಿದ್ದ ಕಾಲ ಅದು. ಪೀಡ್‌ಮಾಂಟಿನ ವೆರ್ಚೆಲ್ಲಿ ಸುತ್ತಲಿನ ಭತ್ತದ ಗದ್ದೆಗಳಲ್ಲೂ ಆ ಜ್ವರವಿತ್ತು. ಕಡೆಗೆ 1900ರಲ್ಲಿ ಆ ತೊಗಟೆಯಿಂದ ತೆಗೆದ ಜ್ವರದ ಮದ್ದಾದ ಕ್ವಿನೈನನ್ನು ಸರ್ಕಾರವೇ ಮಾರಲು ಕಾನೂನು ಮಾಡಿತು. ಆ ಕಹಿ ತೊಗಟೆಯನ್ನು ಸೆರ್ರಾಲುಂಗಾ ದಾಲ್ಬಾ ಊರಿನ ಔಷಧ ವ್ಯಾಪಾರಿ ಜುಸೆಪ್ಪೆ ಕಪೆಲ್ಲಾನೊ 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಹೆಮ್ಮೆಯ ಕೆಂಪು ವೈನ್ ಬರೋಲೊದೊಂದಿಗೆ ಕೂಡಿಸಿದ. ಅದೇ ಬರೋಲೊ ಕಿನಾತೊ. ಚಳಿಗಾಲದಲ್ಲಿ ನೆಗಡಿ ಹತ್ತಿದವರಿಗೆ ಅದನ್ನು ಬಿಸಿ ಮಾಡಿ ಕೊಡುವುದು ಮನೆಮದ್ದಾಯಿತು. ವರ್ಮೂತಿಗೆ ಊಟದ ಮುಂಚಿನ ಹೊತ್ತಾದರೆ ಇದಕ್ಕೆ ಊಟದ ನಂತರದ ಹೊತ್ತು. ಜೊತೆಗೆ ಸಿಹಿ ಕಡಿಮೆ ಇರುವ ಕಪ್ಪು ಚಾಕೊಲೇಟಿನ ತುಂಡು.

ಕಹಿ ಕುಡಿದು ಹಸಿವು ಕೆರಳಿದವರಿಗೆ ಬಾಯಾಡಿಸಲು ಏನಾದರೂ ಬೇಕು. ಟ್ಯೂರಿನ್ನಿನ ಗ್ರಿಸ್ಸಿನಿ ಎಂಬ ಕಡ್ಡಿಯಂಥ ಗರಿಗರಿ ರೊಟ್ಟಿ, ಆಲಿವ್ ಕಾಯಿ, ಬೆಣ್ಣೆಯ ಮೇಲೆ ಉಪ್ಪುಮೀನು ಮೇಜಿಗೆ ಬಂದವು. ಪಿಯಾಜ್ಜಾ ಕಾಸ್ತೆಲ್ಲೊದಲ್ಲೇ ಇರುವ ಮುಲಾಸ್ಸಾನೊ ಎಂಬ ಪುಟ್ಟ ಕಾಫಿಮನೆಯಲ್ಲಿ 1926ರಲ್ಲಿ ಒಡತಿ ಆಂಜೆಲಾ ದೆಮಿಕೆಲಿಸ್ ನೆಬಿಯೋಲೊ ಅಂಚು ಕತ್ತರಿಸಿದ ಮೆತ್ತನೆಯ ಬ್ರೆಡ್ಡಿನ ನಡುವೆ ಹೂರಣ ಇಟ್ಟು ಕೊಡತೊಡಗಿದರು. ತ್ರಾಮೆಜ್ಜೀನೊ ಎಂದು ಇಟಲಿಯೆಲ್ಲ ತಿನ್ನುವ ಆ ತಿಂಡಿಯ ಹುಟ್ಟಿನ ನೆನಪಿಗೆ ಅಲ್ಲಿ ಫಲಕವಿದೆ. ಕಾರ್ಪಾನೊ ವರ್ಮೂತ್ ಮಾರಿದ ಚೌಕವೂ ಅದೇ.

20ನೇ ಶತಮಾನದ ಕೊನೆಯ ದಶಕಗಳಲ್ಲಿ ವರ್ಮೂತ್ ಬಡವಾಯಿತು. ಕಾಕ್‌ಟೇಲ್‌ಗಳಲ್ಲಿ ಅದರ ಪಾಲು ಹನಿಗಳಿಗೆ ಇಳಿಯಿತು. ಬಾಟಲಿ ಒಮ್ಮೆ ತೆರೆದರೆ ಬಾರಿನ ಬಿಸಿ ಕಪಾಟಿನಲ್ಲಿ ವರ್ಷಗಟ್ಟಲೆ ಧೂಳು ಹಿಡಿಯುತ್ತಿತ್ತು. ಎಷ್ಟೇ ಮದ್ಯಸಾರ ಸೇರಿಸಿದರೂ ವರ್ಮೂತ್ ಮೂಲದಲ್ಲಿ ವೈನ್. ಗಾಳಿ ತಾಗಿದ ಮೇಲೆ ಅದರ ಕಂಪು ದಿನದಿಂದ ದಿನಕ್ಕೆ ಆರುತ್ತದೆ. ಹಾಗೆ ಮಂಕಾದದ್ದನ್ನೇ ಕುಡಿದವರು ಅದರ ರುಚಿಯೇ ಅಷ್ಟು ಎಂದುಕೊಂಡರು. ಎರಡು ಶತಮಾನ ಕೂಡಿಬಂದ ಕೈಗುಣ ಹೀಗೆ ಕೇವಲ ಅಜಾಗ್ರತೆಯಿಂದ ಕೆಟ್ಟ ಹೆಸರು ಹೊತ್ತದ್ದು ಈ ಚರಿತ್ರೆಯಲ್ಲಿ ಬೇಸರ ತರುವ ಭಾಗ.

ಅದನ್ನು ಎತ್ತಿ ನಿಲ್ಲಿಸಿದ್ದು ಹಳೆಯ ಪಟ್ಟಿಗಳನ್ನು ಕಾಪಾಡಿಕೊಂಡಿದ್ದ ಮನೆತನಗಳು. ಆಸ್ತಿಯಲ್ಲಿ 1891ರಲ್ಲಿ ಜೂಲಿಯೊ ಕೊಕ್ಕಿ ಸ್ಥಾಪಿಸಿದ ಸಂಸ್ಥೆ ತನ್ನ 120ನೇ ವರ್ಷವಾದ 2011ರಲ್ಲಿ ಮೂಲದ ವರ್ಮೂತನ್ನು ಮರಳಿ ತಂದಿತು. ಹಲವರು ಅದೇ ದಾರಿ ಹಿಡಿದರು. 2017ರಲ್ಲಿ ಇಟಲಿಯ ಸರ್ಕಾರ ‘ವರ್ಮೂತ್ ದಿ ತೊರಿನೊ’ ಎಂಬ ಹೆಸರಿಗೆ ಕಟ್ಟುನಿಟ್ಟಿನ ನಿಯಮ ಬರೆಯಿತು. ಮದ್ಯಸಾರ ಶೇ 16ರಿಂದ 22ರೊಳಗೆ ಇರಬೇಕು, ವೈನ್ ಇಟಲಿಯದ್ದೇ ಆಗಬೇಕು, ಮುಖ್ಯವಾದ ಕಹಿ ಗಿಡ ಪೀಡ್‌ಮಾಂಟಿನಲ್ಲೇ ಬೆಳೆದಿರಬೇಕು. ಟ್ಯೂರಿನ್ನಿನ ದಕ್ಷಿಣಕ್ಕಿರುವ ಪಂಕಾಲಿಯೆರಿಯಂಥ ಊರುಗಳಲ್ಲಿ ಪುದೀನಾದ ಜೊತೆ ಈ ಬೂದುಬಣ್ಣದ ಗಿಡವನ್ನೂ ಹೊಲದಲ್ಲಿ ಬೆಳೆಯುತ್ತಾರೆ.

ಟ್ಯೂರಿನ್ನಿನವರು ಅದನ್ನು ತಣ್ಣಗೆ, ಸಣ್ಣ ಲೋಟದಲ್ಲಿ, ಅವಸರವಿಲ್ಲದೆ ಕುಡಿಯುತ್ತಾರೆ. ಕೆಲವರಿಗೆ ಒಂದು ಮಂಜುಗಡ್ಡೆ, ಕೆಲವರಿಗೆ ಚೂರು ಸೋಡಾ. ಕೆಂಪು ವರ್ಮೂತಾದರೆ ಕಿತ್ತಳೆ ಸಿಪ್ಪೆ, ಬಿಳಿಯದಾದರೆ ಹೆಚ್ಚಾಗಿ ನಿಂಬೆ ಸಿಪ್ಪೆ. ತೆರೆದ ಬಾಟಲಿ ಫ್ರಿಜ್ಜಿಗೆ ಹೋಗುತ್ತದೆ. ಸಂಜೆ ಆರೂವರೆಗೆ ಪಿಯಾಜ್ಜಾ ಕಾಸ್ತೆಲ್ಲೊದ ಕಮಾನುಗಳ ಕೆಳಗೆ ಮೇಜುಗಳು ತುಂಬಿರುತ್ತವೆ. ಮಾಣಿ ಸಿಪ್ಪೆಯನ್ನು ಲೋಟದ ಮೇಲೆ ಹಿಂಡುತ್ತಾನೆ; ಮೊದಲು ಕಿತ್ತಳೆಯ ಎಣ್ಣೆ ಮೂಗಿಗೆ ಬಡಿಯುತ್ತದೆ, ಆಮೇಲೆ ಏಲಕ್ಕಿ, ಲವಂಗ, ಕೊನೆಗೆ ನಾಲಿಗೆಯ ಬುಡದಲ್ಲಿ ದವನದ ಬಂಧುವಿನ ಕಹಿ. ಎಂಟು ಗಂಟೆಯ ಹೊತ್ತಿಗೆ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತವೆ. ಮನೆಯಲ್ಲಿ ಊಟ ಕಾದಿರುತ್ತದೆ.