ತೂಕದ ನಾಣ್ಯ, ಮಾತಿನ ನಾಣ್ಯ

ಘನಸಾಳ ಭತ್ತ ಬೆಳೆಯುವ ನಮ್ಮ ಆಜರಾದವರಿಗೆ ತೂಕದ ಬೆಲೆ ಗೊತ್ತು. ರೋಮ್ ದೇಶದ ನಾಣ್ಯದ ಕಥಿಯೂ ತೂಕದ್ದೇ.

ಅಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಲೆ ಹೊಡೀತಿದ್ದರು. ಎಲ್ಲಾ ಕೈಕೆಲಸ, ಅದಕ್ಕ ರಾಜನ ಮುಖ ಒಮ್ಮೊಮ್ಮೆ ಅಂಚಿಗೆ ಸರಿದಿರತೈತಿ. ಈ ಬೆಳ್ಳಿ ನಾಣ್ಯದ ಹೆಸರು ದಿನಾರಿಯಸ್. ಅಂಥವು 25 ಕೊಟ್ಟರ ಒಂದು ಬಂಗಾರದ ನಾಣ್ಯ. ಕ್ರಿ.ಶ. 64ರ ಸುಮಾರಿಗೆ ನೀರೋ ದೊರೆ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಪಾಲನ್ನೂ ಇಳಿಸಿದ.

ಮೆಣಸು, ಮುತ್ತಿನ ವ್ಯಾಪಾರದಾಗ ಈ ನಾಣ್ಯ ಕಡಲು ದಾಟಿ ಬಂದವು. ಬೆಂಗಳೂರಿನ ಯಶವಂತಪುರದಾಗ 1891ರಲ್ಲಿ 163 ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಾವು. ನಮ್ಮ ನಾಡಿನಾಗ ಸಿಗುವ ಬೆಳ್ಳಿ ನಾಣ್ಯ ಹೆಚ್ಚಾಗಿ ನೀರೋಗಿಂತ ಹಿಂದಿನ ಆಗಸ್ಟಸ್, ಟೈಬೀರಿಯಸ್ ದೊರೆಗಳವು, ಅಂದರ ತುಂಬಿದ ತೂಕದವು. ಇಲ್ಲಿ ಆ ದೊರೆಗಳ ಆಜ್ಞೆ ನಡೆಯೋದಿಲ್ಲ, ಬೆಳ್ಳಿ ನಡೀತೈತಿ.

ನಮ್ಮ ಕೊಲ್ಹಾಪುರಕ್ಕೂ ಆ ವ್ಯಾಪಾರ ಮುಟ್ಟಿತ್ತು. ಅಲ್ಲಿಯ ಬ್ರಹ್ಮಪುರಿ ದಿಬ್ಬದಾಗ ಅವರ ಕಡಲದೇವರ ಪುಟ್ಟ ಕಂಚಿನ ಮೂರ್ತಿ ಸಿಕ್ಕೈತಿ. ಆದರ ಕೊಲ್ಹಾಪುರದ ಕುರ ಅರಸರು ತಮ್ಮ ನಾಣ್ಯ ಮಾಡಿಸಿದ್ದು ಸೀಸದಾಗ, ಮ್ಯಾಲೆ ಬಿಲ್ಲು-ಬಾಣ. ಸೀಸಕ್ಕೇನು ಬೆಲೆ? ಅರಸನ ಮಾತೇ ಬೆಲೆ. ಅದಕ್ಕೇ ಅವು ಹೆಚ್ಚಾಗಿ ಕೊಲ್ಹಾಪುರದ ಸುತ್ತಮುತ್ತಲೇ ಸಿಗತಾವು.

ನಮ್ಮ ಕಿಸೆಯ ನೋಟೂ ಆ ಸೀಸದ ನಾಣ್ಯದ ತಮ್ಮನೇ ಅಂತ ನಾನು ತಿಳಿದೇನಿ. ಮಾತು ಗಟ್ಟಿ ಇರೋತನಕ ಅದಕ್ಕ ಬೆಲೆ.