ಮಣಿಕರ್ಣಿಕೆಯ ಚಿತ್ರಗಳಿಗೊಂದು ಮನೆ

ಕಾಶಿಗೆ ಹೋದವರು ತಮಗೆ ಪ್ರಿಯವಾದ ಏನನ್ನಾದರೂ ಅಲ್ಲಿ ಬಿಟ್ಟುಬರಬೇಕೆಂಬುದು ನಮ್ಮ ಹಿರಿಯರ ರೂಢಿ. ತರಬೇಕಾದದ್ದೂ ಗೊತ್ತಿರುವುದೇ: ಬಾಯಿ ಬೆಸೆದ ತಾಮ್ರದ ಗಿಂಡಿಯಲ್ಲಿ ಗಂಗಾಜಲ, ಮನೆಮಂದಿಗೆಲ್ಲ ಕಾಶಿದಾರ. ಈಚಿನ ದಶಕಗಳಲ್ಲಿ ಇವುಗಳ ಜೊತೆಗೆ ಛಾಯಾಚಿತ್ರಗಳೂ ಸೇರಿವೆ. ಗಿಂಡಿ ದೇವರಮನೆಯಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ. ಚಿತ್ರಗಳು ಎಲ್ಲಿ ಉಳಿಯುತ್ತವೆ?

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. 2009ರಲ್ಲಿ ಅಜ್ಜಿಯ ಅಸ್ಥಿಯೊಂದಿಗೆ ಕಾಶಿಗೆ ಹೋಗಿದ್ದ ನನ್ನ ಸೋದರಮಾವ, ಮಣಿಕರ್ಣಿಕಾ ಘಾಟಿನಿಂದ ವಿಶ್ವನಾಥನ ಗುಡಿಯ ಕಡೆಗೆ ಹೋಗುವ ಗಲ್ಲಿಗಳ ನಲವತ್ತು ಚಿತ್ರಗಳನ್ನು ತೆಗೆದಿದ್ದರು. ಚಿತೆಗಳತ್ತ ಅವರು ಕ್ಯಾಮೆರಾ ತಿರುಗಿಸಲಿಲ್ಲ. ಸವೆದ ಮೆಟ್ಟಿಲು, ಜಗಲಿ, ಸೌದೆಯ ರಾಶಿ, ಮನೆಯ ಗೋಡೆಯೊಳಗೆ ಅರ್ಧ ಹುದುಗಿದ ಪುಟ್ಟ ಗುಡಿಗಳು ಅವುಗಳಲ್ಲಿದ್ದವು. ಬಳಗದವರೆಲ್ಲ ನೋಡಲೆಂದು ಅವನ್ನು ಅಂತರಜಾಲದ ಒಂದು ಉಚಿತ ಸೇವೆಗೆ ಏರಿಸಿದವನು ನಾನು. ಮೂಲ ಪ್ರತಿಗಳಿದ್ದ ಕಂಪ್ಯೂಟರ್ ಕೆಟ್ಟಿತು. ಉಚಿತ ಸೇವೆ ತನ್ನ ನಿಯಮ ಬದಲಿಸಿತು. ಅದರ ಎಚ್ಚರಿಕೆಯ ಪತ್ರ ಬಂದದ್ದು ನಾನು ಬಳಸುವುದನ್ನೇ ಬಿಟ್ಟಿದ್ದ ಇ-ಮೇಲ್ ವಿಳಾಸಕ್ಕೆ. ಈಗ ಅಲ್ಲಿ ಖಾಲಿ ಚೌಕಗಳಿವೆ. ಇತ್ತ 2021ರ ಡಿಸೆಂಬರ್ 13ರಂದು ಕಾಶಿ ವಿಶ್ವನಾಥ ಧಾಮದ ಉದ್ಘಾಟನೆಯಾಯಿತು. ಗುಡಿಯಿಂದ ಗಂಗೆಯವರೆಗಿನ ಆ ವಿಶಾಲ ಅಂಗಳಕ್ಕಾಗಿ ನೂರಾರು ಕಟ್ಟಡಗಳನ್ನು ತೆರವುಗೊಳಿಸಲಾಯಿತು. ಮಾವ ನಡೆದಾಡಿದ ಹಲವು ಗಲ್ಲಿಗಳು ಇಂದು ನೆಲದ ಮೇಲೆಯೂ ಇಲ್ಲ, ಚಿತ್ರದಲ್ಲಿಯೂ ಇಲ್ಲ.

ಉಳಿದಿರುವ ಚಿತ್ರಗಳಿಗೆ ಹೊಸ ನೆಲೆಯೊಂದನ್ನು ಆರಿಸಬೇಕೆಂದು ಬಳಗದಲ್ಲಿ ಈಗ ಚರ್ಚೆ ನಡೆದಿದೆ. ಎಷ್ಟು ಜಾಗ ಸಿಗುತ್ತದೆ, ಎಷ್ಟು ಹಣ ಕೊಡಬೇಕು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಮಣಿಕರ್ಣಿಕೆಯ ಹಳೆಯ ಚಿತ್ರಗಳು ಹೇಗೆ ಉಳಿದುಬಂದವೆಂಬುದನ್ನು ನೋಡಿದರೆ, ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಎನಿಸುತ್ತದೆ.

ಬ್ರಾಹ್ಮೀ ಲಿಪಿಯನ್ನು ಓದಿ ಹೆಸರಾದ ಜೇಮ್ಸ್ ಪ್ರಿನ್ಸೆಪ್, ಅದಕ್ಕೂ ಮೊದಲು, 1820ರಿಂದ 1830ರವರೆಗೆ ಬನಾರಸಿನ ಟಂಕಸಾಲೆಯ ಅಧಿಕಾರಿಯಾಗಿದ್ದ. ಊರನ್ನು ಅಳೆದು ನಕ್ಷೆ ಮಾಡಿದ, ಘಾಟುಗಳನ್ನು ಚಿತ್ರಿಸಿದ. ಮಣಿಕರ್ಣಿಕೆಯೂ ಸೇರಿದಂತೆ ಆ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, 1830ರ ದಶಕದ ಆರಂಭದಲ್ಲಿ ‘ಬೆನಾರಸ್ ಇಲ್ಲಸ್ಟ್ರೇಟೆಡ್’ ಎಂಬ ಹೆಸರಿನಲ್ಲಿ ಕಂತುಕಂತಾಗಿ ಪ್ರಕಟಿಸಲಾಯಿತು. ಒಂದೇ ಕಾಗದದ ಮೇಲಿದ್ದ ಚಿತ್ರ ಹಲವು ಮನೆ, ಹಲವು ಗ್ರಂಥಾಲಯಗಳನ್ನು ಸೇರಿತು.

ಮುಂದಿನ ತಲೆಮಾರಿನವನು ಸ್ಯಾಮ್ಯುಯೆಲ್ ಬೋರ್ನ್. 1863ರಲ್ಲಿ ಭಾರತಕ್ಕೆ ಬಂದ ಈ ಛಾಯಾಗ್ರಾಹಕ ಅದೇ ದಶಕದಲ್ಲಿ ಕಾಶಿಯ ಘಾಟುಗಳನ್ನು, ಮಣಿಕರ್ಣಿಕೆಯ ಸುಡುಗಾಡನ್ನು ಗಾಜಿನ ಫಲಕಗಳ ಮೇಲೆ ಹಿಡಿದ. ಅವನ ಹೆಸರಿದ್ದ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ಕಲ್ಕತ್ತೆಯಲ್ಲಿ ಒಂದೂವರೆ ಶತಮಾನ ಬಾಳಿತು. 1991ರಲ್ಲಿ ಅಲ್ಲಿ ಬೆಂಕಿ ಬಿದ್ದು ಸಂಗ್ರಹದ ಬಹುಭಾಗ ಸುಟ್ಟುಹೋಯಿತು. 2016ರಲ್ಲಿ ಸ್ಟುಡಿಯೋ ಬಾಗಿಲು ಮುಚ್ಚಿತು. ಆದರೂ ಬೋರ್ನನ ಕಾಶಿ ನಮಗೆ ಕಾಣಸಿಗುತ್ತದೆ. ಅವನ ಚಿತ್ರಗಳ ಪ್ರತಿಗಳು ಮಾರಾಟವಾಗಿ, ಕೊಂಡವರ ಆಲ್ಬಮುಗಳ ಮೂಲಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಂಥ ಸಂಗ್ರಹಗಳಲ್ಲಿ ಆ ಹೊತ್ತಿಗಾಗಲೇ ನೆಲೆಸಿದ್ದವು.

ಇಂಥ ಉಳಿವಿನಿಂದಾಗುವ ಪ್ರಯೋಜನಕ್ಕೆ ಮಣಿಕರ್ಣಿಕೆಯ ಪಕ್ಕದಲ್ಲೇ ನಿದರ್ಶನವಿದೆ. ಅಲ್ಲಿನ ರತ್ನೇಶ್ವರ ಮಹಾದೇವನ ಗುಡಿ ಇಂದು ಸುಮಾರು ಒಂಬತ್ತು ಡಿಗ್ರಿ ವಾಲಿಕೊಂಡಿದೆ ಎನ್ನುತ್ತಾರೆ. ತಾಯಿಯ ಋಣ ತೀರಿಸಿದೆನೆಂದು ಬೀಗಿದ ಮಗನಿಗೆ ತಗುಲಿದ ಶಾಪದಿಂದ ಕಟ್ಟಿದಾಗಲೇ ವಾಲಿತೆಂಬುದು ಐತಿಹ್ಯ. 1860ರ ದಶಕದ ಛಾಯಾಚಿತ್ರಗಳಲ್ಲಿ ಮಾತ್ರ ಈ ವಾಲು ಕಾಣುವುದಿಲ್ಲ. ಐತಿಹ್ಯದ ಸೊಗಸು ಐತಿಹ್ಯಕ್ಕಿರಲಿ. ಗುಡಿ ವಾಲಿದ ಕಾಲವನ್ನು ಹುಡುಕುವವನಿಗೆ ಆಧಾರವಾಗಿ ಒದಗುವುದು ಯಾರೋ ಜೋಪಾನ ಮಾಡಿದ ಆ ಪ್ರತಿಗಳೇ.

ಅಂತರಜಾಲದ ಚಿತ್ರಸಂಗ್ರಹಗಳ ಚರಿತ್ರೆ ತೀರ ಚಿಕ್ಕದು, ಆದರೆ ಪಾಠ ಅದೇ. 2003ರಲ್ಲಿ ಆರಂಭವಾದ ಫೋಟೋಬಕೆಟ್, 2017ರ ಜೂನ್ ಕೊನೆಯಲ್ಲಿ, ತನ್ನಲ್ಲಿರುವ ಚಿತ್ರಗಳು ಬೇರೆ ಪುಟಗಳಲ್ಲಿ ಕಾಣಬೇಕಾದರೆ ವರ್ಷಕ್ಕೆ 399.99 ಡಾಲರ್ ತೆರಬೇಕೆಂದಿತು. ಲೋಕದಾದ್ಯಂತ ಅಸಂಖ್ಯ ಪುಟಗಳ ಚಿತ್ರಗಳು ಒಮ್ಮೆಲೇ ಮರೆಯಾದವು. 2013ರಲ್ಲಿ ಒಂದು ಟೆರಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿದ್ದ ಫ್ಲಿಕರ್, ಒಡೆತನ ಬದಲಾದ ಮೇಲೆ, 2018ರ ನವೆಂಬರಿನಲ್ಲಿ ಉಚಿತ ಖಾತೆಗೆ 1,000 ಚಿತ್ರಗಳ ಮಿತಿ ಘೋಷಿಸಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಖಾತೆಯಿಲ್ಲದವರು ಏರಿಸಿ ಬಿಟ್ಟಿದ್ದ, ಬಳಕೆಯಲ್ಲಿಲ್ಲದ ಹಳೆಯ ಚಿತ್ರಗಳನ್ನು ಅಳಿಸುವುದಾಗಿ ಇಮ್ಗುರ್ 2023ರಲ್ಲಿ ತಿಳಿಸಿತು. ಇದರಲ್ಲಿ ಯಾರನ್ನೂ ಹಳಿಯಬೇಕಾಗಿಲ್ಲ. ಚಿತ್ರವಿಡುವ ಯಂತ್ರಗಳಿಗೆ, ಅವನ್ನು ನಡೆಸುವ ವಿದ್ಯುತ್ತಿಗೆ ಯಾರಾದರೂ ಹಣ ತೆರಲೇಬೇಕು. ನಾವು ತೆರದಿದ್ದಾಗ, ತೆರುವವರ ಮನಸ್ಸು ಬದಲಾಗುವವರೆಗೆ ಮಾತ್ರ ನಮ್ಮ ಚಿತ್ರಗಳಿಗೆ ಅಲ್ಲಿ ಇರವು.

ಆದ್ದರಿಂದ ಹೊಸ ನೆಲೆಯನ್ನು ಆರಿಸುವಾಗ ನಾವು ಕೇಳಬೇಕಾದವು ಇವು: ಏರಿಸಿದ ಚಿತ್ರ ಕುಗ್ಗದೆ ಮೂಲ ಗಾತ್ರದಲ್ಲೇ ಇರುತ್ತದೆಯೆ? ಇಡೀ ಸಂಗ್ರಹವನ್ನು ವಿವರಗಳ ಸಮೇತ ಒಂದೇ ಸಲಕ್ಕೆ ಮರಳಿ ಪಡೆಯಬಹುದೆ? ಖಾತೆಯ ಕೀಲಿ ಒಬ್ಬರಿಗಿಂತ ಹೆಚ್ಚು ಜನರ ಬಳಿ ಇರಬಲ್ಲುದೆ? ನನ್ನ ಅಭಿಪ್ರಾಯ ಹೀಗಿದೆ. ಸ್ಥಳವನ್ನು ದಾಖಲಿಸುವ ಚಿತ್ರಗಳನ್ನು, ತೆಗೆದವರ ಒಪ್ಪಿಗೆ ಪಡೆದು, ವಿಕಿಮೀಡಿಯ ಕಾಮನ್ಸ್‌ಗೆ ಕೊಡೋಣ. 2004ರಿಂದ ನಡೆದುಬಂದಿರುವ ಆ ಸಂಗ್ರಹವನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆ ನೋಡಿಕೊಳ್ಳುತ್ತದೆ. ಚಿತ್ರದ ವಿವರವನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಅಲ್ಲಿಗೆ ಕೊಟ್ಟ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದೆಂಬ ಅರಿವು ಇರಬೇಕು. ಮನೆಮಂದಿಯ ಚಿತ್ರಗಳಿಗೆ ಹಣ ತೆತ್ತು ಪಡೆಯುವ ಸೇವೆಯೇ ಲೇಸು; ಖರ್ಚನ್ನು ಹಂಚಿಕೊಳ್ಳೋಣ. ಇವೆರಡಕ್ಕೂ ಆಸರೆಯಾಗಿ ಬೇರೆಬೇರೆ ಊರಿನ ಎರಡು ಮನೆಗಳಲ್ಲಿ ಹಾರ್ಡ್ ಡಿಸ್ಕ್ ಪ್ರತಿಗಳಿರಲಿ. ಮಣಿಕರ್ಣಿಕೆಯಲ್ಲಿ ದುಃಖಿಸುತ್ತಿರುವವರ ಮುಖಗಳಿರುವ ಚಿತ್ರ ಯಾರ ಬಳಿಯಾದರೂ ಇದ್ದರೆ ಅದನ್ನು ಎಲ್ಲಿಯೂ ಏರಿಸುವುದು ಬೇಡ.

ಕಾಶಿಯ ತೀರ್ಥಪುರೋಹಿತರು ಯಾತ್ರಿಕರ ಹೆಸರು, ಊರು, ವಂಶಗಳನ್ನು ಬರೆದಿಡುವ ಬಹಿಗಳನ್ನು ಬಲ್ಲವರಿಗೆ ಇದೇನೂ ಹೊಸ ಯುಕ್ತಿಯೆನಿಸದು. ತಂದೆ ಬರೆದದ್ದನ್ನು ಮಗ ಕಾಯುತ್ತಾನೆ. ಮುಂದಿನ ಹೊಣೆ ಯಾರದೆಂಬುದು ಅಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ.

ಮಾವ ತೆಗೆದ ನಲವತ್ತರಲ್ಲಿ ಒಂದು ಉಳಿದಿದೆ. ಅಜ್ಜಿಯ ವರ್ಷಾಬ್ದಿಕಕ್ಕೆ ಬಂದವರಿಗೆ ತೋರಿಸಲೆಂದು ಕಾಗದದ ಮೇಲೆ ಅಚ್ಚು ಹಾಕಿಸಿದ್ದ ಪ್ರತಿ ಅದು. ಹಿಂಬದಿಯಲ್ಲಿ ಅವರದೇ ಅಕ್ಷರದಲ್ಲಿ ಗಲ್ಲಿಯ ಹೆಸರು, ದಿನಾಂಕ ಇವೆ. ಹೊಸ ನೆಲೆ ಯಾವುದೇ ಆಗಲಿ, ಅಲ್ಲಿಗೆ ಮೊದಲು ಅದನ್ನು ಏರಿಸಬೇಕೆಂದಿದ್ದೇನೆ, ಹಿಂಬದಿಯ ಬರಹದ ಸಮೇತ.